ಸಾಲ ತೀರದಾಗ: ದಿವಾಳಿ ಅರ್ಜಿ ಯಾರಿಗೆ, ಯಾವಾಗ?



ಸಾಲದ ವಿಷಯದಲ್ಲಿ ನಮ್ಮಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಪಾಪರ್ ಅರ್ಜಿ ಹಾಕಿದರೆ ಎಲ್ಲ ಸಾಲವೂ ತೊಲಗುತ್ತದೆ ಎಂಬುದು ಒಂದು. ಅರ್ಜಿ ಹಾಕಿದವನ ಮಾನ ಹೋಯಿತು, ಅವನು ಬದುಕಿ ಫಲವಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ತೋಟ ಕಳೆದುಕೊಳ್ಳುತ್ತಾರೆ; ಎರಡನೆಯದನ್ನು ನಂಬಿದವರು ಜೀವವನ್ನೇ ಕಳೆದುಕೊಂಡದ್ದುಂಟು. ಆದುದರಿಂದ ಈ ವಿಷಯವನ್ನು ಲೆಕ್ಕ ಹಾಕಿ ತಿಳಿಯುವುದು ಅಗತ್ಯ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ಜಿಲ್ಲೆಯ ಕೃಷಿಕರಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಕುರಿತಾದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಳೆಯ ಕಾಯ್ದೆಯ 10ನೇ ಕಲಮಿನಂತೆ, ಸಾಲ ತೀರಿಸಲು ಅಶಕ್ತನಾದವನು ತನ್ನ ಸಾಲ 500 ರೂ. ಮುಟ್ಟಿದ್ದರೆ ಅರ್ಜಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಲಯಕ್ಕೂ ಸರಕಾರ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಗಳಿಗೂ ಇದರ ವಿಚಾರಣೆ ಸೇರಿದ್ದು.

ದಿವಾಳಿ ಎಂದು ತೀರ್ಮಾನವಾದೊಡನೆ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ ವಶವಾಗುತ್ತದೆ. ಆ ಬಳಿಕ ಕೈಸಾಲ ಕೊಟ್ಟವರು ನ್ಯಾಯಾಲಯದ ಅಪ್ಪಣೆಯಿಲ್ಲದೆ ದಾವೆ ಹೂಡುವಂತಿಲ್ಲ. ಕೊನೆಗೆ ವಿಮೋಚನೆಯ ಆದೇಶ ಸಿಕ್ಕಿದರೆ ಉಳಿದ ಸಾಲದಿಂದ ಬಿಡುಗಡೆ. ಆದರೆ ನಾಲ್ಕು ವಿಷಯಗಳನ್ನು ಗಮನಿಸಬೇಕು:

1. ತೋಟವನ್ನು ಅಡವಿಟ್ಟುಕೊಂಡ ಬ್ಯಾಂಕಿನ ಹಕ್ಕಿಗೆ ಬಾಧಕವಿಲ್ಲ. ಅದು ತನ್ನ ಅಡವಿನಿಂದ ವಸೂಲು ಮಾಡಿಕೊಳ್ಳಬಹುದು.

2. ನಿಮಗೆ ಬಿಡುಗಡೆ ಸಿಕ್ಕಿದರೂ ನಿಮ್ಮ ಜಾಮೀನುದಾರನಿಗೆ ಸಿಗುವುದಿಲ್ಲ. ನಿಮ್ಮ ಸೊಸೈಟಿ ಸಾಲಕ್ಕೆ ಸಹಿ ಹಾಕಿದ ನೆರೆಯವರ ಮೇಲೆ ಭಾರ ಬೀಳುತ್ತದೆ. ಅವರಿಗೆ ಮೊದಲೇ ಹೇಳದೆ ಅರ್ಜಿ ಹಾಕಬಾರದು.

3. ಸರಕಾರಕ್ಕೆ ಸಲ್ಲಬೇಕಾದ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲ ಮಾಫಿಯಾಗುವುದಿಲ್ಲ.

4. ವಿಮೋಚನೆ ಸಿಗುವ ತನಕ, ತಾನು ದಿವಾಳಿ ಎಂದು ತಿಳಿಸದೆ 50 ರೂ.ಗಳ ಸಾಲ ಪಡೆದರೂ ಅಪರಾಧ. ಎಂದರೆ, ಒಂದು ಚೀಲ ಗೊಬ್ಬರವನ್ನು ಕಡ ತರಬೇಕಾದರೂ ಹೇಳಿಯೇ ತರಬೇಕು. ಪಂಚಾಯತು ಚುನಾವಣೆಗೆ ನಿಲ್ಲುವಂತಿಲ್ಲ.

ಕೈಗೆ ನಗದಿಲ್ಲದವನೂ ದಿವಾಳಿಯೂ ಒಂದಲ್ಲ

ಎರಡು ಕಲ್ಪಿತ ಉದಾಹರಣೆಗಳನ್ನು ನೋಡೋಣ. ಪುತ್ತೂರು ಕಡೆಯ ಒಬ್ಬ ಕೃಷಿಕರಿಗೆ 12 ಕ್ವಿಂಟಲ್ ಚಾಲಿ ಆಗುತ್ತದೆ. ಕಿಲೋಗೆ 400 ರೂ. ಹಿಡಿದರೆ 4 ಲಕ್ಷ 80 ಸಾವಿರ. ಕೂಲಿ, ಗೊಬ್ಬರ, ಮದ್ದು ಬಿಡುವ ಖರ್ಚು 2 ಲಕ್ಷ 30 ಸಾವಿರ, ಮನೆವಾರ್ತೆ 1 ಲಕ್ಷ 50 ಸಾವಿರ ಕಳೆದರೆ ಉಳಿಯುವುದು 1 ಲಕ್ಷ. ಬ್ಯಾಂಕಿನ ಅಡವು ಸಾಲ 8 ಲಕ್ಷ, ಸೊಸೈಟಿಯ ಬೆಳೆಸಾಲ 3 ಲಕ್ಷ, ಕೈಸಾಲ 5 ಲಕ್ಷ. ಒಟ್ಟು 16 ಲಕ್ಷ. ಕೈಸಾಲಕ್ಕೆ ನೂರಕ್ಕೆ ವರ್ಷಕ್ಕೆ 24ರಂತೆ ಬಡ್ಡಿಯೇ 1 ಲಕ್ಷ 20 ಸಾವಿರ. ಉಳಿತಾಯ ಬಡ್ಡಿಗೇ ಸಾಲದು. ಆದರೂ ಇವರ ಜಾಗಕ್ಕೆ 30 ಲಕ್ಷ ಬೆಲೆಯಿದ್ದರೆ ಇವರು ದಿವಾಳಿಯಲ್ಲ. ಬ್ಯಾಂಕಿನ ಒಪ್ಪಿಗೆ ಪಡೆದು ಒಂದು ಪಾಲು ಜಾಗ ಮಾರಿ ಕೈಸಾಲ ತೀರಿಸಿದರೆ ಉಳಿದ ತೋಟ ನಿಲ್ಲುತ್ತದೆ.

ಇನ್ನೊಬ್ಬರ ತೋಟ ಸುಳ್ಯದ ಸಂಪಾಜೆ ಕಡೆಯದು. ಹಳದಿರೋಗ ಬಂದು ಫಸಲು ಹೋಗಿದೆ. ಜಾಗ ಮಾರಿದರೆ 9 ಲಕ್ಷ. ಅಡವು ಸಾಲ 8 ಲಕ್ಷ. ಕೈಸಾಲ 7 ಲಕ್ಷ. ಎಲ್ಲ ಮಾರಿದರೂ ಕೈಸಾಲದವರಿಗೆ ಉಳಿಯುವುದು 1 ಲಕ್ಷ. ದಿವಾಳಿ ಅರ್ಜಿಯ ಯೋಚನೆ ಇಂಥವರಿಗೆ ತಕ್ಕುದು. ತೋಟ ಉಳಿಯದು, ಆದರೆ ಮುಂದಿನ ದುಡಿಮೆಯಾದರೂ ತಮ್ಮದಾಗಬಹುದು.

ಆಸ್ತಿಯ ಬೆಲೆ ಹಿಡಿಯುವಾಗ ಒಂದು ಎಚ್ಚರಿಕೆ: ಕುಮ್ಕಿ ಜಾಗವನ್ನು ವರ್ಗ ಜಾಗದಂತೆ ಲೆಕ್ಕಕ್ಕೆ ಸೇರಿಸಬಾರದು. ಅದು ನಿಮ್ಮ ಹಕ್ಕಿನ ಮಾರಾಟದ ಜಾಗವಲ್ಲ.

ಧಾರಣೆ ಇಳಿದದ್ದೂ ತೋಟ ಸತ್ತದ್ದೂ ಬೇರೆ ಬೇರೆ. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿಯಿತು. ಅದರಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 2000ದ ನಂತರದ ಕೆಲವು ವರ್ಷ ಕಾಫಿಗೂ ಅದೇ ಗತಿಯಾಯಿತು. ಎರಡೂ ಮತ್ತೆ ಏರಿದವು. ಇಳಿದ ಧಾರಣೆಗೆ ಅವಧಿ ವಿಸ್ತರಣೆ ಮದ್ದು; ದಿವಾಳಿ ಅರ್ಜಿಯಲ್ಲ.

ಅರ್ಜಿಗೆ ಮೊದಲು

ಬ್ಯಾಂಕಿಗೂ ಸೊಸೈಟಿಗೂ ಬರವಣಿಗೆಯಲ್ಲಿ ಮನವಿ ಕೊಟ್ಟು ಸಾಲದ ಮರುಹೊಂದಾಣಿಕೆ ಅಥವಾ ಒಂದೇ ಕಂತಿನ ತೀರುವಳಿ ಕೇಳಿ. ಕೈಸಾಲದ ತಕರಾರನ್ನು ಲೋಕ ಅದಾಲತ್ತಿಗೆ ಒಯ್ಯಿರಿ. ಅಲ್ಲಿಯ ರಾಜಿಗೆ ಡಿಕ್ರಿಯ ಬಲವಿದೆ. ತಾಲೂಕು ಕಾನೂನು ಸೇವೆಗಳ ಸಮಿತಿಯಿಂದ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ.

ಡಿಕ್ರಿ ಆದೊಡನೆ ಜೈಲು ಎಂಬ ಹೆದರಿಕೆ ಬೇಡ. ಹಣವಿದ್ದೂ ಕೊಡದವನನ್ನಲ್ಲದೆ, ಬಡತನದಿಂದ ಕೊಡಲಾರದವನನ್ನು ಸೆರೆಯಲ್ಲಿಡುವುದು ಸಲ್ಲದೆಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಹೇಳಿದೆ. ಕೃಷಿಕನು ವಾಸವಿರುವ ಮನೆ, ಬೇಸಾಯದ ಉಪಕರಣ, ಅಡಿಗೆಯ ಪಾತ್ರೆಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ರಕ್ಷಣೆಯಿದೆ. ಆದರೆ ಮನೆ ಅಡವಿನ ಪತ್ರದೊಳಗೆ ಸೇರಿದ್ದರೆ ಈ ರಕ್ಷಣೆಯನ್ನು ನಂಬಬಾರದು.

ಮಾಡಬಾರದ ಕೆಲಸ

ಸಾಲಗಾರರು ಬರುತ್ತಾರೆಂದು ಜಾಗವನ್ನು ಹೆಂಡತಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಬೇಡಿ. ಬಳಿಕ ಎರಡು ವರ್ಷದೊಳಗೆ ನೀವು ದಿವಾಳಿಯಾದರೆ ಅದನ್ನು ರದ್ದುಮಾಡಬಹುದು. ಬೇಕಾದವರೊಬ್ಬರಿಗೆ ಮಾತ್ರ ಸಾಲ ತೀರಿಸಿ ಮೂರು ತಿಂಗಳೊಳಗೆ ಅರ್ಜಿ ಬಂದರೂ ಹಾಗೆಯೇ. ಆಸ್ತಿ ಬಚ್ಚಿಟ್ಟರೆ ಒಂದು ವರ್ಷದ ತನಕ ಸಜೆಯಾಗಬಹುದು.

ಸಾಲಕ್ಕೆದುರಾಗಿ ಆಸ್ತಿ ರೂಪಾಯಿಗೆ 50 ಪೈಸೆಯಷ್ಟೂ ಇಲ್ಲದಿದ್ದರೆ ಪೂರ್ಣ ವಿಮೋಚನೆ ಸಾಮಾನ್ಯವಾಗಿ ಸಿಗದು. ಆ ಸ್ಥಿತಿ ತನ್ನ ತಪ್ಪಿನಿಂದ ಬಂದುದಲ್ಲವೆಂದು ತೋರಿಸಿದರೆ ಸಿಗಬಹುದು. ಆದುದರಿಂದ ರೋಗದ ಬಗ್ಗೆ ತೋಟಗಾರಿಕಾ ಇಲಾಖೆಯ ವರದಿ, ಮಾರಾಟದ ಚೀಟಿ, ಕೂಲಿಯ ಪುಸ್ತಕ, ಸಾಲದ ಪತ್ರಗಳನ್ನು ಜೋಪಾನವಾಗಿಡಿ.

ಈ ತಿಂಗಳ ಅಭ್ಯಾಸ

ಒಂದು ಹಾಳೆಯಲ್ಲಿ ಮೂರು ಕಲಂ ಗೀಟು ಹಾಕಿ. ಮೊದಲನೆಯದರಲ್ಲಿ ಅಡವು ಸಾಲ, ಎರಡನೆಯದರಲ್ಲಿ ಜಾಮೀನಿನ ಸಾಲ, ಮೂರನೆಯದರಲ್ಲಿ ಕೈಸಾಲ ಬರೆಯಿರಿ. ಕೆಳಗೆ ವರ್ಗ ಜಾಗದ ಬೆಲೆ ಮತ್ತು ವರ್ಷದ ನಿವ್ವಳ ಆದಾಯ ಬರೆಯಿರಿ. ಮನೆಯವರನ್ನು ಕೂರಿಸಿಕೊಂಡೇ ಇದನ್ನು ಮಾಡಿ. ಆಸ್ತಿ ಸಾಲಕ್ಕಿಂತ ಹೆಚ್ಚಿದ್ದರೆ ಮಾರಾಟ ಅಥವಾ ಅವಧಿ ವಿಸ್ತರಣೆಯ ಮಾತು. ಕಡಿಮೆಯಿದ್ದು, ಮೂರನೆಯ ಕಲಮೇ ದೊಡ್ಡದಾಗಿದ್ದು, ಆದಾಯ ಏರುವ ಸಂಭವವೂ ಇಲ್ಲದಿದ್ದರೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಮೊದಲೇ ಆ ಹಾಳೆಯೊಂದಿಗೆ ವಕೀಲರನ್ನು ಕಾಣಿರಿ.