ವಿಚಾರಣೆ ಸಮಿತಿಯದು, ತೀರ್ಪು ಕೋರ್ಟಿನದು

ಮಗೂ, ನಿನ್ನನ್ನು ವಿಧಾನಸಭೆಯ ಸಮಿತಿ ಶಾಖೆಗೆ ಹಾಕಿದ್ದಾರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬ ಸಂತೋಷವಾಯಿತು. ಸದನದ ಗದ್ದಲ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತದೆ, ಆದರೆ ಕೂತು ಕೇಳಿ ತಿಳಿದುಕೊಳ್ಳುವ ಕೆಲಸ ನಡೆಯುವುದು ಸಮಿತಿ ಕೊಠಡಿಗಳಲ್ಲಿ. ಅಲ್ಲಿ ನೋಟಿಸು ಬರೆಯುವವಳು, ಪ್ರಶ್ನಾವಳಿ ಜೋಡಿಸುವವಳು, ವರದಿಯ ಕರಡು ಕೈಗೆತ್ತಿಕೊಳ್ಳುವವಳು ಇನ್ನು ಮೇಲೆ ನೀನು. ಅಧ್ಯಕ್ಷರು, ಸದಸ್ಯರು ಬದಲಾಗುತ್ತಾರೆ, ಕಡತ ಉಳಿಯುತ್ತದೆ. ಆ ಶಾಖೆಯಲ್ಲೇ ತಲೆ ನೆರೆಸಿಕೊಂಡ ನಿನ್ನ ಮಾವನ ನಾಲ್ಕು ಮಾತು ಕಿವಿಗೆ ಹಾಕಿಕೋ.

ಮೊದಲು ಕೇಶವ ಸಿಂಗ್ ಪ್ರಕರಣ ಓದು. ಗೈಡ್ ಪುಸ್ತಕದ ಸಾರಾಂಶ ಸಾಲದು, ಪೂರ್ತಿ ಓದು.

ಈ ಕೇಶವ ಸಿಂಗ್ ಗೋರಖ್‌ಪುರದ ಸಮಾಜವಾದಿ ಕಾರ್ಯಕರ್ತ. ಒಬ್ಬ ಶಾಸಕರ ವಿರುದ್ಧ ಕರಪತ್ರ ಹೊರಡಿಸಿದ್ದನ್ನು ಉತ್ತರ ಪ್ರದೇಶ ವಿಧಾನಸಭೆ ಹಕ್ಕುಚ್ಯುತಿ ಎಂದು ತೀರ್ಮಾನಿಸಿ, 1964ರ ಮಾರ್ಚ್ 14ರಂದು ಛೀಮಾರಿ ಹಾಕಲು ಕರೆತರಿಸಿತು. ಆತ ಸಭಾಧ್ಯಕ್ಷರಿಗೆ ಬೆನ್ನು ತಿರುಗಿಸಿ ನಿಂತ, ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ. ಅದಕ್ಕೆ ಮುಂಚೆ ಖಾರವಾದ ಪತ್ರವನ್ನೂ ಬರೆದಿದ್ದ. ಸದನ ಏಳು ದಿನ ಜೈಲಿಗೆ ಕಳಿಸಿತು. 19ರಂದು ಸಾಲಮನ್ ಎಂಬ ವಕೀಲರು ಆತನ ಪರವಾಗಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮಧ್ಯಾಹ್ನ ಮೂರಕ್ಕೆ ಕೇಳೋಣ ಎಂದು ಒಪ್ಪಿದ್ದ ಸರ್ಕಾರಿ ವಕೀಲರು ಮೂರಕ್ಕೆ ಬರಲೇ ಇಲ್ಲ. ನ್ಯಾಯಮೂರ್ತಿಗಳಾದ ಬೇಗ್ ಮತ್ತು ಸಹಗಲ್ ಜಾಮೀನು ಕೊಟ್ಟರು.

ಎರಡು ದಿನ ಕಳೆಯುವುದರೊಳಗೆ ವಿಧಾನಸಭೆ ನಿರ್ಣಯ ಮಾಡಿತು: ಕೇಶವ ಸಿಂಗನನ್ನು ಮತ್ತೆ ಒಳಗೆ ಹಾಕಿ, ವಕೀಲರನ್ನೂ, ಆ ಇಬ್ಬರು ನ್ಯಾಯಮೂರ್ತಿಗಳನ್ನೂ ಹಿಡಿದು ಸದನದ ಮುಂದೆ ತನ್ನಿ! ಅಲಹಾಬಾದ್ ಹೈಕೋರ್ಟಿನ 28 ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಅದಕ್ಕೆ ತಡೆ ಕೊಟ್ಟರು. ಸಂವಿಧಾನ ಜಾರಿಗೆ ಬಂದು ಹದಿನಾಲ್ಕೇ ವರ್ಷ, ಅದರ ಎರಡು ಅಂಗಗಳು ಪೊಲೀಸರನ್ನು ನಡುವೆ ನಿಲ್ಲಿಸಿಕೊಂಡು ಎದುರುಬದುರಾಗಿದ್ದವು. ರಾಷ್ಟ್ರಪತಿಗಳು ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಬೇಕಾಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಮನೆತನದ ಮೂಲ ನಮ್ಮ ಗಜೇಂದ್ರಗಡವೇ. ಅವರ ಏಳು ಜನರ ಪೀಠ ಸೆಪ್ಟೆಂಬರ್ 30ರಂದು ಆರು-ಒಂದರ ಬಹುಮತದಿಂದ ಅಭಿಪ್ರಾಯ ಕೊಟ್ಟಿತು: ಅರ್ಜಿ ಕೇಳಿದ್ದರಿಂದ ನ್ಯಾಯಮೂರ್ತಿಗಳು ಸದನ ನಿಂದನೆ ಮಾಡಿದಂತಾಗಲಿಲ್ಲ; ಸದನ ಹೊರಗಿನವನನ್ನು ಜೈಲಿಗೆ ಕಳಿಸಿದರೆ ಅದು ಸರಿಯೇ ಎಂದು ಕೋರ್ಟು ನೋಡಬಹುದು.

ಇಷ್ಟಕ್ಕೇ ಪುಸ್ತಕ ಮುಚ್ಚಬೇಡ. ಮಾರನೆಯ ವರ್ಷ ಅದೇ ಅಲಹಾಬಾದ್ ಹೈಕೋರ್ಟು ಕೇಶವ ಸಿಂಗನ ಅರ್ಜಿಯನ್ನು ವಜಾ ಮಾಡಿತು. ಸದನಕ್ಕೆ ಶಿಕ್ಷಿಸುವ ಅಧಿಕಾರ ಇದೆ ಎಂದಿತು. ಉಳಿದಿದ್ದ ಒಂದು ದಿನದ ಜೈಲನ್ನು ಆತ ಅನುಭವಿಸಬೇಕಾಯಿತು. ಆ ಒಂದು ದಿನ ನನಗೆ ಇಡೀ ಪ್ರಕರಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪರಿಶೀಲಿಸುವ ಅಧಿಕಾರ ಕೋರ್ಟಿಗೆ ಸಿಕ್ಕಿತು, ಪರಿಶೀಲಿಸಿ ನೋಡಿದ ಕೋರ್ಟು ಸದನದ ಅಧಿಕಾರವನ್ನು ಗೌರವಿಸಿತು.

ನಿನ್ನ ಮೇಜಿಗೆ ಇದರಿಂದ ಏನು ಬಂತು? ನೋಟಿಸು ಬರೆಯುವಾಗ ನೋಡು: ಈ ಸಮಿತಿಗೆ ಸದನ ಯಾವ ವಿಷಯ ಒಪ್ಪಿಸಿದೆ, ಆ ವಿಷಯ ನಮ್ಮ ಶಾಸನ ಸಭೆಯ ವ್ಯಾಪ್ತಿಯಲ್ಲಿದೆಯೇ? 2020ರ ದೆಹಲಿ ಗಲಭೆಯ ನಂತರ ಅಲ್ಲಿನ ವಿಧಾನಸಭಾ ಸಮಿತಿ ಫೇಸ್‌ಬುಕ್ ಇಂಡಿಯಾದ ಮುಖ್ಯಸ್ಥರನ್ನು ಕರೆಸಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಸಮಿತಿ ಕರೆದರೆ ಹೋಗಲೇಬೇಕು ಎಂದು 2021ರ ಜುಲೈನಲ್ಲಿ ತೀರ್ಪು ಬಂತು. ಜೊತೆಗೆ, ದೆಹಲಿಯ ಪೊಲೀಸು, ಕಾನೂನು ಸುವ್ಯವಸ್ಥೆ ಕೇಂದ್ರದ ಕೈಯಲ್ಲಿರುವುದರಿಂದ ಆ ಪ್ರಶ್ನೆಗಳಿಗೆ ಅವರು ಉತ್ತರಿಸದೆ ಇರಬಹುದು, ಸಮಿತಿ ತಾನೇ ಪ್ರಾಸಿಕ್ಯೂಷನ್ ಆಗಕೂಡದು ಎಂದೂ ಹೇಳಿತು. ವಿಚಾರಣೆ ಮುಗಿಯುವ ಮೊದಲೇ ಸಮಿತಿಯ ಅಧ್ಯಕ್ಷರು ಪತ್ರಿಕಾಗೋಷ್ಠಿ ಕರೆದು ಆಡಿದ ಮಾತುಗಳು ಕೋರ್ಟಿಗೆ ಸರಿ ಕಾಣಲಿಲ್ಲ. ನಿನ್ನ ಅಧ್ಯಕ್ಷರಿಗೂ ಮೈಕು ಕಂಡರೆ ಮಾತು ಬರಬಹುದು. ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಗೋಪ್ಯ ಎಂಬುದನ್ನು ಟಿಪ್ಪಣಿಯಲ್ಲಿ ವಿನಯದಿಂದ, ಸ್ಪಷ್ಟವಾಗಿ ಬರೆದು ಸಹಿ ಹಾಕು.

ಕರಡು ಬರೆಯುವಾಗ ಇನ್ನೂ ಎಚ್ಚರ. 2018ರ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ ಹೇಳಿದೆ: ಸಂಸದೀಯ ಸಮಿತಿಯ ವರದಿಯನ್ನು ಕೋರ್ಟು ನೋಡಬಹುದು, ಆದರೆ ಅದನ್ನು ಅಲ್ಲಿ ಪ್ರಶ್ನಿಸುವಂತಿಲ್ಲ, ಅದರಲ್ಲಿನ ವಿವಾದದ ಸಂಗತಿಗಳನ್ನು ಬೇರೆಯಾಗಿ ಸಾಬೀತು ಮಾಡಬೇಕು. ಅಂದರೆ ನೀನು ಬರೆದ ಪುಟ ನಾಳೆ ನ್ಯಾಯಮೂರ್ತಿಗಳ ಎದುರಿಗಿರುತ್ತದೆ, ಅದರಲ್ಲಿ ಹೆಸರು ಬಂದವರು ಸಂಗತಿಗಳನ್ನು ಅಲ್ಲಗಳೆಯಬಹುದಾದರೂ ಆ ವರದಿಯನ್ನೇ ಅಲ್ಲಿ ಪ್ರಶ್ನಿಸುವಂತಿಲ್ಲ. ಅಂಥ ಕಡೆ ಯಾರನ್ನೋ ಅಪರಾಧಿ ಎಂದು ಬರೆದುಬಿಡುವುದು ಘೋರ ಅನ್ಯಾಯ. ಯಾವ ದಾಖಲೆ, ಯಾವ ದಿನಾಂಕ, ಯಾರ ಹೇಳಿಕೆ — ಅಷ್ಟನ್ನೇ ಬರೆ.

ಎ.ಟಿ. ರಾಮಸ್ವಾಮಿ ಅವರ ಜಂಟಿ ಸದನ ಸಮಿತಿ 2007ರಲ್ಲಿ ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿಯನ್ನು ಹೀಗೇ ಬಯಲಿಗೆಳೆಯಿತು. ಆ ವರದಿಗೆ ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಇರಲಿಲ್ಲ. ಮುಂದೆ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, ವಿಶೇಷ ನ್ಯಾಯಾಲಯ ಬಂತು. ಹುಡುಕಿದ್ದು ಸದನ, ಆರೋಪಿಗಳನ್ನು ಕೇಳಿ ತೀರ್ಮಾನಿಸುವುದು ಕೋರ್ಟು.

2017ರ ಜೂನ್ ತಿಂಗಳನ್ನು ಮಾತ್ರ ನಾನು ಇವತ್ತಿಗೂ ನೋವಿನಿಂದಲೇ ನೆನೆಯುತ್ತೇನೆ. ಶಾಸಕರ ವಿರುದ್ಧ ಬರೆದರೆಂದು ನಮ್ಮ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ತಲಾ ಒಂದು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ ಎಂದು ತೀರ್ಮಾನಿಸಿತು. ಅವರು ಸದನದ ಎದುರಿನ ಹೈಕೋರ್ಟಿನ ಮೆಟ್ಟಿಲೇರಿದರು. ಬರೆದದ್ದು ತಪ್ಪಾಗಿದ್ದರೆ ಮಾನನಷ್ಟ ಮೊಕದ್ದಮೆ ಹೂಡಲು ಅದೇ ಕೋರ್ಟು ಶಾಸಕರಿಗೂ ತೆರೆದಿತ್ತು. ದೂರು ಕೊಟ್ಟವರೇ ಶಿಕ್ಷೆ ಕೊಡುವುದನ್ನು ನಾನು ಒಪ್ಪಲಾರೆ.

ಆ ಎದುರಿನ ಕೋರ್ಟಿನಿಂದ ನಿನ್ನ ಶಾಖೆಗೂ ಒಂದು ದಿನ ಕಾಗದ ಬರುತ್ತದೆ. ಹೈಕೋರ್ಟಿನ ನೋಟಿಸನ್ನು ಸಭಾಧ್ಯಕ್ಷರು ಸ್ವೀಕರಿಸಬೇಕೋ ಬೇಡವೋ ಎಂಬ ಚರ್ಚೆ ಹಳೆಯದು. ಪ್ರಶ್ನೆಗಾಗಿ ಹಣ ಪಡೆದ ಸಂಸದರ ಉಚ್ಚಾಟನೆ ಪ್ರಕರಣದಲ್ಲಿ ಲೋಕಸಭಾಧ್ಯಕ್ಷ ಸೋಮನಾಥ ಚಟರ್ಜಿ ಸುಪ್ರೀಂ ಕೋರ್ಟಿನ ನೋಟಿಸನ್ನೇ ಸ್ವೀಕರಿಸಲಿಲ್ಲ. ಆ ತೀರ್ಮಾನ ಸಭಾಧ್ಯಕ್ಷ ಪೀಠದಲ್ಲಿರುವವರಿಗೆ ಬಿಡು. ಬಂದ ಕಾಗದವನ್ನು ಮಾತ್ರ ಯಾರು ಹೇಳಿದರೂ ಒಂದು ರಾತ್ರಿಯೂ ಡ್ರಾಯರಿನಲ್ಲಿ ಇಟ್ಟುಕೊಳ್ಳಬೇಡ. ಬಂದ ಸಮಯ ಬರೆದು, ಕಡತಕ್ಕೆ ಸೇರಿಸಿ, ಕಾರ್ಯದರ್ಶಿಗಳಿಗೆ ಅಂದೇ ಮಂಡಿಸು.