ವಾರದ ಹವಾಮಾನ ಮುನ್ಸೂಚನೆಯನ್ನು ಓದುವ ಕ್ರಮ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಬೇಸಿಗೆ

ಕಪಿಲಾ ಮತ್ತು ಕಾವೇರಿ ಬಯಲಿನ ಗ್ರಾಮಗಳಲ್ಲಿ ಏಪ್ರಿಲ್, ಮೇ ತಿಂಗಳುಗಳು ಎರಡು ಬಗೆಯ ನಿರೀಕ್ಷೆಯ ಕಾಲ. ದೊಡ್ಡಕವಲಂದೆ ಭಾಗದ ಮಳೆಯಾಶ್ರಿತ ಹೊಲಗಳು ಬಿತ್ತನೆಗಾಗಿ ಮಳೆಯನ್ನು ಎದುರುನೋಡುತ್ತಿರುತ್ತವೆ. ನಾಲೆ ಮತ್ತು ಕೊಳವೆಬಾವಿಯ ಆಸರೆಯಲ್ಲಿ ಗೊನೆ ಬಿಟ್ಟು ನಿಂತ ಬಾಳೆ ತೋಟಗಳಿಗೆ ಅದೇ ಮಳೆಯ ಜೊತೆಗೆ ಬರುವ ಗಾಳಿಯು ಗಂಡಾಂತರವಾಗುತ್ತದೆ. ವಾರದ ಮುನ್ಸೂಚನೆಯು ಇಬ್ಬರಿಗೂ ಒಂದೇ. ಅದನ್ನು ಓದಬೇಕಾದ ಬಗೆ ಮಾತ್ರ ಬೇರೆ.

ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಆಧರಿಸಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಕೃಷಿ ಹವಾಮಾನ ಸಲಹಾ ಪತ್ರಿಕೆ ಹೊರಡುತ್ತದೆ. ಮೈಸೂರು ಜಿಲ್ಲೆಗೆ ಇದನ್ನು ನಾಗನಹಳ್ಳಿಯ ಕೃಷಿ ಹವಾಮಾನ ಘಟಕವು ಸಿದ್ಧಪಡಿಸುತ್ತದೆ. ಇದಲ್ಲದೆ, ಪ್ರತಿ ಗುರುವಾರ ಹೊರಡುವ ವಿಸ್ತೃತ ಅವಧಿಯ ಮುನ್ಸೂಚನೆಯು ಮುಂದಿನ ವಾರಗಳ ಮಳೆ ಮತ್ತು ತಾಪಮಾನ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಸ್ಥೂಲವಾಗಿ ತಿಳಿಸುತ್ತದೆ. ಯಾವ ದಿನ, ಯಾವ ಗ್ರಾಮ ಎಂಬುದನ್ನು ಅದರಲ್ಲಿ ಹುಡುಕಬಾರದು.

"ಮಳೆ ಎಂದಿದ್ದರು, ನಮ್ಮೂರಿಗೆ ಹನಿಯೂ ಬೀಳಲಿಲ್ಲ" ಎಂಬ ದೂರು ಗ್ರಾಮಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ದೂರಿಗೆ ಉತ್ತರವು ಮುನ್ಸೂಚನೆಯ ಶಬ್ದಗಳಲ್ಲಿಯೇ ಇದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾಗುವ ಸಂಭವವಿದ್ದರೆ 'ಒಂದೆರಡು ಕಡೆ' ಎಂದೂ, ಶೇ. 26ರಿಂದ 50ರಷ್ಟಿದ್ದರೆ 'ಕೆಲವು ಕಡೆ' ಎಂದೂ, ಶೇ. 51ರಿಂದ 75ರಷ್ಟಿದ್ದರೆ 'ಹಲವು ಕಡೆ' ಎಂದೂ, ಅದಕ್ಕೂ ಮೀರಿದರೆ 'ಬಹುತೇಕ ಕಡೆ' ಎಂದೂ ಬರೆಯುವುದು ರೂಢಿ. ಆದುದರಿಂದ 'ಒಂದೆರಡು ಕಡೆ ಗುಡುಗು ಸಹಿತ ಮಳೆ' ಎಂಬ ವಾಕ್ಯದ ಅರ್ಥವು ನಾಲ್ಕರಲ್ಲಿ ಮೂರು ಕಡೆಯಾದರೂ ಒಣಗಿಯೇ ಇರಬಹುದು ಎಂಬುದೇ ಆಗಿದೆ. ಹುಲ್ಲಹಳ್ಳಿಯಲ್ಲಿ ಮಳೆ ಸುರಿದು ಬಿಳಿಗೆರೆ ಒಣಗಿದ್ದರೆ ಆ ಮುನ್ಸೂಚನೆ ಸುಳ್ಳಾಗಲಿಲ್ಲ.

ಬೇಸಿಗೆಯ ಮಳೆಯ ಸ್ವಭಾವವೇ ಹೀಗೆ. ಮುಂಗಾರಿನಂತೆ ಇದು ನಾಡನ್ನೆಲ್ಲ ಆವರಿಸುವ ಮೋಡವಲ್ಲ. ಬಂಗಾಳ ಕೊಲ್ಲಿಯಿಂದ ಬರುವ ತೇವಗಾಳಿಯೂ ಪಶ್ಚಿಮದ ಗಾಳಿಯೂ ಒಳನಾಡಿನ ಮೇಲೆ ಸಂಧಿಸುತ್ತವೆ. ಮಧ್ಯಾಹ್ನದ ಕಾವಿಗೆ ನೆಲದ ಗಾಳಿ ಮೇಲೇರಿ ಎತ್ತರದ ಗುಡುಗು ಮೋಡಗಳಾಗುತ್ತವೆ. ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರು, ಆಯಸ್ಸು ಒಂದೆರಡು ಗಂಟೆ. ಇಂತಹ ಮೋಡವು ಯಾವ ಊರಿನ ಮೇಲೆ ಏಳುವುದೆಂದು ಮೂರು ದಿನ ಮೊದಲೇ ಹೇಳುವ ಶಾಸ್ತ್ರ ಸದ್ಯಕ್ಕೆ ಇಲ್ಲ. ಅಶ್ವಿನಿ, ಭರಣಿ ಎಂದು ಮಳೆ ಎಣಿಸುವ ಹಿರಿಯರಿಗೆ ಹೊಲದ ಬದುವಿನಾಚೆ ಮಳೆ ನಿಂತುಹೋಗುವ ಸಂಗತಿ ಹೊಸದೇನಲ್ಲ.

ಮಳೆಗಿಂತಲೂ ಹೆಚ್ಚಿನ ತಪ್ಪು ತಿಳಿವಳಿಕೆ ಗಾಳಿಯ ವಿಷಯದಲ್ಲಿದೆ. ಸಲಹಾ ಪತ್ರಿಕೆಯ ಕೋಷ್ಟಕದಲ್ಲಿ ಗಾಳಿಯ ವೇಗ ಗಂಟೆಗೆ 6 ಅಥವಾ 8 ಕಿ.ಮೀ. ಎಂದಿರಬಹುದು, ಅದರ ಕೆಳಗಿನ ಎಚ್ಚರಿಕೆಯಲ್ಲಿ 'ಗಂಟೆಗೆ 40ರಿಂದ 50 ಕಿ.ಮೀ. ವೇಗದ ಬಿರುಗಾಳಿ' ಎಂದಿರಬಹುದು. ಇವು ಪರಸ್ಪರ ವಿರುದ್ಧವಲ್ಲ. ಮೊದಲನೆಯದು ಸಾಮಾನ್ಯವಾಗಿ ಬೀಸುವ ಗಾಳಿ. ಎರಡನೆಯದು ಗುಡುಗು ಮೋಡದಿಂದ ಕುಸಿದುಬಿದ್ದ ತಣ್ಣನೆಯ ಗಾಳಿ ನೆಲಕ್ಕೆ ಅಪ್ಪಳಿಸಿ ಹರಡುವಾಗಿನ, ಕೆಲವೇ ನಿಮಿಷಗಳ ರಭಸ. ಈ ಗಾಳಿಯು ಮೋಡಕ್ಕಿಂತ ಮುಂದೆ ಓಡುತ್ತದೆ. ಹನಿ ಮಳೆಯಿಲ್ಲದ ಊರಿನಲ್ಲಿಯೂ ತೋಟ ಮಲಗುವುದು ಇದರಿಂದಲೇ. ಬಾಳೆಯ ಬೇರು ಆಳಕ್ಕೆ ಇಳಿಯುವುದಿಲ್ಲ, ಎಲೆ ಅಗಲ, ಗೊನೆ ಬಂದಾಗ ತಲೆಭಾರ. ವರ್ಷದ ದುಡಿಮೆಯೂ ಸಾಲವೂ ಆ ಗೊನೆಯಲ್ಲಿಯೇ ತೂಗುತ್ತಿರುತ್ತವೆ. ಆದ್ದರಿಂದ ಬಾಳೆ ಬೆಳೆದವರು ಕೋಷ್ಟಕವನ್ನು ಬಿಟ್ಟು ಎಚ್ಚರಿಕೆಯ ಸಾಲನ್ನೇ ಮೊದಲು ಓದತಕ್ಕದ್ದು. ಎಚ್ಚರಿಕೆ ಇರುವ ದಿನಗಳಲ್ಲಿ ನೀರು ಹಾಯಿಸಿ ಬುಡದ ಮಣ್ಣನ್ನು ಸಡಿಲಗೊಳಿಸದಿರುವುದು, ವಾಲಿದ ಗಿಡಗಳಿಗೆ ಬಿದಿರು ಅಥವಾ ನೀಲಗಿರಿ ಕೋಲುಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ ಆಸರೆ ಕೊಡುವುದು, ಬಲಿತ ಗೊನೆಗಳನ್ನು ಒಂದೆರಡು ದಿನ ಮೊದಲೇ ಕಡಿಯುವುದು ಯುಕ್ತ. ಕಣದಲ್ಲಿ ಬೇಸಿಗೆ ಭತ್ತ ಇರುವವರು ಮಧ್ಯಾಹ್ನಕ್ಕೆ ಮೊದಲೇ ರಾಶಿಯ ಮೇಲೆ ಟಾರ್ಪಾಲು ಹೊದಿಸಬೇಕು.

ಬಿತ್ತನೆಯವರ ಲೆಕ್ಕ ಬೇರೆ. 10 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು. ಕೇಳಲು ಬಹಳವೆನಿಸಿದರೂ ಕಾದ ಎರೆಭೂಮಿಯಲ್ಲಿ ಅದು ಮೇಲ್ಪದರವನ್ನಷ್ಟೇ ನೆನೆಸುತ್ತದೆ. ಇಲಾಖೆಯ ಭಾಷೆಯಲ್ಲಿ 15.5 ಮಿ.ಮೀ.ವರೆಗೆ 'ಹಗುರ', 64.4 ಮಿ.ಮೀ.ವರೆಗೆ 'ಸಾಧಾರಣ'. 'ಹಗುರ ಮಳೆ' ಎಂಬ ಸಾಲನ್ನು ನಂಬಿ ಹತ್ತಿ, ಅಲಸಂದೆ ಬೀಜ ಹಾಕಿದರೆ ಮೊಳಕೆ ಒಣಗಿ ಮತ್ತೊಮ್ಮೆ ಬೀಜ ಕೊಳ್ಳಬೇಕಾದೀತು. ಬಿದ್ದ ಮಳೆ ಉಳುಮೆಗೆ ಒದಗಲಿ. ಮಣ್ಣು ಒಂದು ಗೇಣು ನೆನೆದಿದೆಯೇ ಎಂದು ಕೈಯಾರೆ ಅಗೆದು ನೋಡಿ ಬಿತ್ತುವುದು ಲೇಸು.

ಬಿಸಿಲಿನ ಬಗ್ಗೆಯೂ ಒಂದು ಮಾತು. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಮೀರಿದಾಗ ಬಿಸಿಗಾಳಿ ಎಂದು ಘೋಷಿಸಲಾಗುತ್ತದೆ. ಈ ತಾಲ್ಲೂಕುಗಳಲ್ಲಿ ಪಾದರಸ ಆ ಮಟ್ಟ ಮುಟ್ಟುವುದು ಅಪರೂಪ. ಘೋಷಣೆಯಿಲ್ಲವೆಂದು 37, 38 ಡಿಗ್ರಿಯ ನಡುಹಗಲಿನಲ್ಲಿ ಉದ್ಯೋಗ ಖಾತ್ರಿಯ ಮಣ್ಣಿನ ಕೆಲಸ ನಡೆಸುವುದು ಸರಿಯಲ್ಲ. ಪಂಚಾಯಿತಿಗಳು ಕೆಲಸವನ್ನು ಮುಂಜಾನೆಗೆ ಬದಲಾಯಿಸಿಕೊಳ್ಳಬಹುದು.

ಸಿಡಿಲಿಗೆ ಐದು ದಿನದ ಮುನ್ಸೂಚನೆ ಸಾಲದು. ಅದಕ್ಕೆ ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆ ಮತ್ತು 'ದಾಮಿನಿ' ಆ್ಯಪ್ ಇವೆ. ಮೊಬೈಲಿಲ್ಲದ ಕುರಿಗಾಹಿಗೂ ಒಂದು ಅಳತೆ ಇದೆ: ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡವು ಸುಮಾರು 10 ಕಿ.ಮೀ. ಒಳಗಿದೆ, ಕೂಡಲೇ ಪಕ್ಕಾ ಕಟ್ಟಡ ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಹುಣಸೆ ಮರದಡಿ ದನ ಕಟ್ಟುವ ಅಭ್ಯಾಸವನ್ನು ಈ ಎರಡು ತಿಂಗಳಾದರೂ ಬಿಡತಕ್ಕದ್ದು.

ಎಚ್ಚರಿಕೆಯ ನಂತರವೂ ಬೆಳೆ ನಷ್ಟವಾದಲ್ಲಿ, ಬಿದ್ದ ಗಿಡಗಳನ್ನು ತೆರವು ಮಾಡುವ ಮೊದಲು ಛಾಯಾಚಿತ್ರ ತೆಗೆದುಕೊಂಡು ಗ್ರಾಮ ಆಡಳಿತಾಧಿಕಾರಿಗೂ ತೋಟಗಾರಿಕೆ ಇಲಾಖೆಯ ಹೋಬಳಿ ಅಧಿಕಾರಿಗೂ ತಿಳಿಸಬೇಕು. ವಿಪತ್ತು ಪರಿಹಾರ ನಿಧಿಯ ನೆರವಿಗೆ ನಷ್ಟವು ಶೇ. 33 ಅಥವಾ ಅದಕ್ಕಿಂತ ಹೆಚ್ಚಿರಬೇಕಾದುದರಿಂದ ಬಿದ್ದ ಮತ್ತು ನಿಂತ ಗಿಡಗಳೆರಡನ್ನೂ ಎಣಿಸಿ ಬರೆದಿಡುವುದು ಅವಶ್ಯ.