ಎಲ್ಲರೂ ನನಗೋಸ್ಕರ ಕಾಯಬೇಕಾಗುತ್ತಲ್ಲ!

ಅಕ್ಕಾ, ನನಗೆ 55 ವರ್ಷ. ತಿಪಟೂರು ಕಡೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. 1986ರಲ್ಲಿ ಒಟ್ಟಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಆರು ಜನ ಗೆಳತಿಯರು ವಾಟ್ಸ್ಯಾಪ್‌ನಲ್ಲಿ ಮತ್ತೆ ಸಿಕ್ಕಿದ್ದೇವೆ. ಜನವರಿಯಲ್ಲಿ ಕಾರವಾರಕ್ಕೆ ಹೋಗಿ ನಾಲ್ಕು ದಿನ ಇದ್ದು, ಸಮುದ್ರದಲ್ಲಿ ಕಯಾಕ್ ನಡೆಸುವುದನ್ನು ಕಲಿಯೋಣ ಅಂತ ತೀರ್ಮಾನವಾಗಿದೆ. ಹೊಸಬರಿಗೆಂದೇ ಇರುವ ಶಿಬಿರ, ಗೈಡ್ ಜೊತೆಗಿರುತ್ತಾರೆ. ಮುಂಗಡವೂ ಕಟ್ಟಿಯಾಗಿದೆ. ಗುಂಪಿನಲ್ಲಿ "ನಾನೂ ಬರ್ತೀನಿ" ಅಂತ ಮೊದಲು ಅಂದವಳೇ ನಾನು. ಈಗ ರಾತ್ರಿ ನಿದ್ದೆ ಇಲ್ಲ. ಈಜು ಬರುವುದಿಲ್ಲ. ಹತ್ತು ವರ್ಷದವಳಿದ್ದಾಗ ಕೆರೆಯ ಮೆಟ್ಟಿಲಲ್ಲಿ ಕಾಲು ಜಾರಿ, ಅಮ್ಮ ಜಡೆ ಹಿಡಿದು ಮೇಲಕ್ಕೆಳೆದಿದ್ದರು. ಮಗುಚಿದರೆ ಆ ದೋಣಿಯೊಳಗೇ ಸಿಕ್ಕಿಕೊಂಡುಬಿಡುತ್ತೇನೆ ಅನ್ನಿಸುತ್ತೆ. ಶುಗರ್ ಇದೆ. ಎರಡು ವರ್ಷದ ಹಿಂದೆ ಎಡಭುಜ ಹಿಡಿದುಕೊಂಡು ಫ್ರೋಜನ್ ಶೋಲ್ಡರ್ ಆಗಿತ್ತು. ಉಳಿದವರೆಲ್ಲ ವಾಕಿಂಗ್, ಯೋಗ ಅಂತ ಚುರುಕಾಗಿದ್ದಾರೆ. ಎಲ್ಲರೂ ನನಗೋಸ್ಕರ ಕಾಯಬೇಕಾಗುತ್ತಲ್ಲ! ನಮ್ಮ ಯಜಮಾನರು "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತ ನಗುತ್ತಾರೆ. ಹೋಗಲೋ, ಬಿಡಲೋ? ಇನ್ನೊಂದು ಮಾತು: ಕೊನೆಯ ದಿನ ಎಲ್ಲರೂ ನಡುಗಡ್ಡೆ ಕಡೆ ಹೋಗುವಾಗ ನಾನು ದಂಡೆಯಲ್ಲೇ ಉಳಿದರೆ ಅಷ್ಟು ದುಡ್ಡು ವಾಪಸ್ ಕೇಳಬಹುದಾ?

— ಹೆಸರು ಬೇಡ, ತಿಪಟೂರು

ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗುಚುವ ಭಯದ ಮುಂದೆ ನೀವು ಬರೀ ಚುಕ್ಕೆ ಇಟ್ಟಿದ್ದೀರಿ, ಬೇರೆಯವರು ಕಾಯಬೇಕಾಗುತ್ತದೆ ಎಂಬುದರ ಮುಂದೆ ಆಶ್ಚರ್ಯಸೂಚಕ ಹಾಕಿದ್ದೀರಿ. ನನಗೆ ದಿಗಿಲಾದದ್ದು ಆ ಎರಡನೆಯದನ್ನು ಕಂಡು. ಮೊದಲನೆಯದಕ್ಕೆ ಮದ್ದಿದೆ, ಅದನ್ನೇ ಮುಗಿಸಿ ಇದಕ್ಕೆ ಬರುತ್ತೇನೆ.

ಶಿಬಿರದವರಿಗೆ ಇವತ್ತೇ ಫೋನ್ ಮಾಡಿ, ಯಾವ ಕಯಾಕ್ ಕೊಡುತ್ತೀರಿ ಎಂದು ಕೇಳಿ. ನಮ್ಮ ಕರಾವಳಿಯಲ್ಲಿ ಹೊಸಬರಿಗೆ ಕೊಡುವುದು ಹೆಚ್ಚಾಗಿ ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್. ಅದಕ್ಕೆ ಒಳಗು ಅಂತಲೇ ಇಲ್ಲ. ತಟ್ಟೆಯ ಮೇಲೆ ಕೂತ ಹಾಗೆ ಕೂರುತ್ತೀರಿ, ಒಳಬಂದ ನೀರು ತಳದ ತೂತುಗಳಲ್ಲಿ ತಾನೇ ಇಳಿದುಹೋಗುತ್ತದೆ, ಮಗುಚಿದರೆ ನೀವೊಂದು ಕಡೆ, ಅದೊಂದು ಕಡೆ. ಸಿಕ್ಕಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ. ನಿಮಗೆ ನಿದ್ದೆ ಕೆಡಿಸಿರುವುದು ಇನ್ನೊಂದು ಜಾತಿ. ಐದು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್‌ಗೂ ಕಡಿಮೆ ಅಗಲ, ನಡುವೆ ಒಂದು ಗುಂಡಿ, ಆ ಗುಂಡಿಯೊಳಗೆ ಕಾಲು ಚಾಚಿ ಕೂತು ಸೊಂಟದ ಸುತ್ತ ರಬ್ಬರಿನ ಲಂಗ ಹಾಕಿ ಬಾಯಿ ಮುಚ್ಚುವಂಥದ್ದು. ಅಸಲು ಕಯಾಕ್ ಅದೇ. ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್ ಬೇಟೆಗಾರರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು ಮಾಡುತ್ತಿದ್ದದ್ದು. ಅಳತೆಯೂ ನಮ್ಮ ಹಿರಿಯರದ್ದೇ ಥರ: ಉದ್ದ ಮೂರು ಮಾರು, ಅಗಲ ಅವರವರ ಸೊಂಟಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ಬಟ್ಟೆ ಹೊಲಿಸಿದ ಹಾಗೆ ಮೈಗೆ ಹೊಲಿಸಿಕೊಂಡ ದೋಣಿ.

ಆ ಜಾತಿಯದೇ ಕೊಟ್ಟರೂ ಹೆದರಬೇಡಿ. ಮೊದಲ ಬೆಳಗ್ಗೆಯೇ, ಎದೆಮಟ್ಟದ ನೀರಲ್ಲಿ, ಗೈಡ್ ಪಕ್ಕದಲ್ಲಿ ನಿಂತು ನಿಮ್ಮನ್ನು ಬೇಕೆಂದೇ ಮಗುಚಿಸಬೇಕು. ಮಗುಚಿಸದೆ ನೇರ ಕಡಲಿಗೆ ಕರೆದೊಯ್ಯುವ ಶಿಬಿರ ನನ್ನ ಲೆಕ್ಕದಲ್ಲಿ ಶಿಬಿರವೇ ಅಲ್ಲ. ನಾನು ಕಲಿತದ್ದು 48ನೇ ವಯಸ್ಸಿನಲ್ಲಿ. ತಲೆಕೆಳಗಾದ ತಕ್ಷಣ ಮೂಗಿಗೆ ಉಪ್ಪುನೀರು ನುಗ್ಗಿತು, ಕಣ್ಣ ಮುಂದೆ ಹಸಿರು ಮಬ್ಬು. ಹೇಳಿಕೊಟ್ಟಿದ್ದಂತೆ ದೋಣಿಯ ಹೊಟ್ಟೆಯನ್ನು ಅಂಗೈಯಿಂದ ಮೂರು ಸಲ ಬಡಿದೆ. ಆ ಸದ್ದು ನೀರೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಆಮೇಲೆ ಮುಂದಕ್ಕೆ ಬಾಗಿ, ಲಂಗದ ಮುಂತುದಿಯ ಕುಣಿಕೆ ಹುಡುಕಿ ಎಳೆದು, ಎರಡೂ ಕೈ ಸೊಂಟದ ಪಕ್ಕ ಊರಿ ತಳ್ಳಿದೆ. ಬಿಗಿ ಪ್ಯಾಂಟು ಬಿಚ್ಚಿದ ಹಾಗೆ ದೋಣಿ ಕಾಲಿನಿಂದ ಜಾರಿಹೋಯಿತು. ಎಲ್ಲ ಸೇರಿ ಐದಾರು ಸೆಕೆಂಡ್ ಇದ್ದೀತು. ನಾನು ಮಾತ್ರ ಒಂದು ಪೀರಿಯಡ್ ಪೂರ್ತಿ ಒಳಗಿದ್ದೆ ಅಂತ ಆಣೆ ಮಾಡಿ ಹೇಳಿದ್ದೆ. ಕುಣಿಕೆ ಲಂಗದ ಮೇಲ್ಗಡೆ ಕೈಗೆ ಸಿಗುವಂತೆ ಇದೆಯೇ ಎಂದು ಪ್ರತಿಸಲ ನೀವೇ ಮುಟ್ಟಿ ನೋಡಿಕೊಳ್ಳಿ. ಅವಸರದಲ್ಲಿ ಅದು ಒಳಗೆ ಮಡಚಿಕೊಳ್ಳುವುದುಂಟು.

ಇನ್ನು ಈಜು. ಇಲ್ಲಿ ಸಿಹಿಮಾತು ಆಡಲಾರೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ದಂಡೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಟೀಚರಾಗಿ ನಿಮಗದು ಮರೆತಿರಲಾರದು. ಜಾಕೆಟ್ ಕೊಡುತ್ತಾರಲ್ಲ ಎಂದು ನೀವು ಅನ್ನಬಹುದು. ಕಯಾಕ್‌ನವರು ಕೊಡುವುದು ಸಾಮಾನ್ಯವಾಗಿ 50 ನ್ಯೂಟನ್‌ನದು, ಅಂದರೆ ಸುಮಾರು ಐದು ಕಿಲೋ ಭಾರ ಎತ್ತಿಹಿಡಿಯುವಂಥದ್ದು. ನೀರಿನಲ್ಲಿ ಮೈಭಾರದ ಬಹುಪಾಲನ್ನು ನೀರೇ ಹೊರುವುದರಿಂದ ತೇಲಲು ಅಷ್ಟು ಸಾಕು. ಕೆರೆಗೆ ಬಿದ್ದ ನಿಮ್ಮೂರಿನ ಸಿಪ್ಪೆಗಾಯಿ ತೇಲುವುದಿಲ್ಲವೇ, ಹಾಗೆ. ಆದರೆ ಅದು ನೀರಿಗೆ ಅಷ್ಟಿಷ್ಟು ರೂಢಿಯಿರುವವರಿಗಾಗಿ ಮಾಡಿದ್ದು. ಪ್ರಜ್ಞೆ ತಪ್ಪಿದವರ ಮುಖವನ್ನು ತಾನೇ ಮೇಲಕ್ಕೆ ತಿರುಗಿಸಬೇಕೆಂದರೆ ಇನ್ನೂ ಹೆಚ್ಚು ನ್ಯೂಟನ್‌ನ ಲೈಫ್ ಜಾಕೆಟ್ಟೇ ಬೇಕು. "ನನಗೆ ಈಜು ಬರಲ್ಲ" ಎಂದು ಈಗಲೇ ತಿಳಿಸಿ, ಯಾವುದು ಕೊಡುತ್ತೀರಿ ಎಂದು ಕೇಳಿ. ಹಾಕಿಕೊಂಡ ಮೇಲೆ ಗೆಳತಿಗೆ ಹೇಳಿ ಭುಜದ ಪಟ್ಟಿ ಹಿಡಿದು ಎತ್ತಿಸಿ. ಕಿವಿಯವರೆಗೆ ಏರಿಬಂದರೆ ಬಿಗಿ ಸಾಲದು. ಜನವರಿಗೆ ಇನ್ನೂ ಮೂರು ತಿಂಗಳಿದೆ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಹೆಂಗಸರಿಗೆ ಬೇರೆ ಹೊತ್ತಿರುವ ಈಜುಕೊಳಕ್ಕೆ ವಾರಕ್ಕೊಂದು ಸಲ ಹೋಗಿ. ಈಜು ಕಲಿತು ಬನ್ನಿ ಎನ್ನುತ್ತಿಲ್ಲ. ಮುಖ ಮುಳುಗಿಸಿ ಮೂಗಲ್ಲಿ ಗುಳ್ಳೆ ಬಿಡುವುದು, ಅಂಗಾತ ತೇಲುವುದು, ಇವೆರಡು ಬಂದರೆ ಆಯಿತು. ಅಮ್ಮ ಜಡೆ ಹಿಡಿದೆಳೆದ ಆ ಹುಡುಗಿ ಇನ್ನೂ ನಿಮ್ಮೊಳಗೆ ಉಸಿರು ಕಟ್ಟಿಕೊಂಡು ನಿಂತಿದ್ದಾಳೆ. ಅವಳು ಒಂದು ಸಲ ಗುಳ್ಳೆ ಬಿಡಲಿ. ಅದೂ ಆಗದೇ ಹೋದರೆ ನದಿಯ ಹಿನ್ನೀರಿನಲ್ಲಷ್ಟೇ ನಡೆಸಿ, ತೆರೆದ ಕಡಲಿಗೆ ಬೇಡ.

ಈಗ ನನ್ನ ದಿಗಿಲಿನ ಸಂಗತಿ. ಕಲಿತ ಮಾರನೇ ವರ್ಷ ಹೊನ್ನಾವರದ ಶರಾವತಿ ಹಿನ್ನೀರಿಗೆ ಒಂದು ಗುಂಪಿನ ಜೊತೆ ಹೋಗಿದ್ದೆ. ಎಲ್ಲರೂ ನನಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರು. ಒಂದು ಗಂಟೆಯಾಗುವಷ್ಟರಲ್ಲಿ ಬಲಗೈ ಮಣಿಕಟ್ಟು ಉರಿಯತೊಡಗಿತು. ಗೈಡ್ ಹಿಂದಿರುಗಿ "ಆರಾಮಾ?" ಎಂದಾಗಲೆಲ್ಲ ಹಲ್ಲು ಕಿರಿದು ತಲೆಯಾಡಿಸಿದೆ. ಹನ್ನೊಂದರ ಹೊತ್ತಿಗೆ ಪಡುವಣ ಗಾಳಿ ಎದ್ದಿತು. ಉಳಿದವರು ತಿರುವು ದಾಟಿ ಮರೆಯಾದರು, ನಾನು ಹುಟ್ಟು ಹಾಕಿದಷ್ಟೂ ಅಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಗೂಡಿಗೆ ಕಯಾಕ್ ಅಡ್ಡಲಾಗಿ ಹೋಗಿ ಒರಗಿತು, ಮಗುಚಿತು. ನೀರು ಸೊಂಟದಷ್ಟೇ, ಜೀವಕ್ಕೇನೂ ಆಗಲಿಲ್ಲ, ಮೊಣಕಾಲು ಬೇರಿಗೆ ತರಚಿತು. ಆದರೆ ಗೈಡ್ ಉಳಿದ ಏಳು ಜನರನ್ನು ಗಾಳಿಯಲ್ಲಿ ಬಿಟ್ಟು ನನಗೋಸ್ಕರ ವಾಪಸ್ ಬರಬೇಕಾಯಿತು. ಗೈಡ್ ಆ ಕಡೆಯವರೇ, ಅಪ್ಪ ಅಜ್ಜ ಎಲ್ಲ ದೋಣಿಯವರು. ಬೈಯಲಿಲ್ಲ. ಕಯಾಕ್ ಎತ್ತಿ ನೀರು ಸುರಿಯುತ್ತ ಹೇಳಿದ್ದಿಷ್ಟು: "ಅಮ್ಮಾ, ನಿಧಾನ ಬರೋರದ್ದು ನಂಗೆ ತ್ರಾಸಿಲ್ಲ. ಬಾಯಿ ಮುಚ್ಕಂಡು ಬರೋರದ್ದೇ ತ್ರಾಸು."

ನಿಮ್ಮ ಪತ್ರದಲ್ಲಿ ನನಗೆ ಕಂಡವರು ಆ ಬಾಯಿ ಮುಚ್ಚಿಕೊಂಡವರೇ. ಇಷ್ಟು ವರ್ಷ ಮಕ್ಕಳಿಗೆ ಅರ್ಥವಾಗದಿದ್ದರೆ ಕೈ ಎತ್ತಿ ಅಂತ ಹೇಳಿದ್ದೀರಿ. ಕಡಲಿನಲ್ಲಿ ನೀವು ಎತ್ತುತ್ತೀರಾ? ನಿಮಗಾಗಿ ಕಾಯುವುದು ಯಾರೂ ಮಾಡುವ ಉಪಕಾರವಲ್ಲ. ಗುಂಪಿನ ವೇಗ ಎಂದರೆ ಅತ್ಯಂತ ನಿಧಾನ ಹೋಗುವವರ ವೇಗ ಎಂದು ಲೆಕ್ಕ ಹಾಕಿಯೇ ಗೈಡ್ ದಾರಿ ಹಾಕಿರುತ್ತಾರೆ. ಹೊಸಬರ ಕಯಾಕ್ ಹೋಗುವುದೇ ನಡಿಗೆಯ ವೇಗದಲ್ಲಿ. ಗೈಡ್‌ನ ಸೊಂಟದಲ್ಲೊಂದು ಹಗ್ಗದ ಚೀಲವೂ ಇರುತ್ತದೆ, ಸುಸ್ತಾದವರನ್ನು ಕಟ್ಟಿ ಎಳೆಯಲು. ಕಟ್ಟಿಸಿಕೊಂಡು ಬರುವುದರಲ್ಲಿ ಮಾನ ಹೋಗುವುದೇನಿಲ್ಲ. ಮೊದಲ ದಿನವೇ ಗೈಡ್ ಹತ್ತಿರ ಕೂತು ಶುಗರ್, ಭುಜ, ಕೆರೆ, ಮೂರನ್ನೂ ಹೇಳಿಬಿಡಿ. ಗುಂಪಿನ ಮುಂದೆ ಬೇಡವೆಂದರೆ ಪಕ್ಕಕ್ಕೆ ಕರೆದು ಹೇಳಿ. ಇಬ್ಬರು ಕೂರುವ ಕಯಾಕ್ ಇದ್ದರೆ ಒಂದು ದಿನ ಅದನ್ನು ಕೇಳಿ.

ಮುಂಗಡ ಕಟ್ಟಿದ ಕಡೆ ಕೇಳಬೇಕಾದ ಇನ್ನೆರಡು ಮಾತಿವೆ. ಒಬ್ಬ ಗೈಡ್‌ಗೆ ಎಷ್ಟು ಜನ? ಹೊಸಬರಾದರೆ ಆರಕ್ಕಿಂತ ಹೆಚ್ಚಿದ್ದರೆ ನಾನಂತೂ ಹಿಂದೆ ಸರಿಯುತ್ತೇನೆ. ಗೈಡ್ ಜೀವರಕ್ಷಣೆಯ ತರಬೇತಿ ಪಡೆದದ್ದು ಎಲ್ಲಿ? ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಂಥ ಕಡೆಯ ಸರ್ಟಿಫಿಕೇಟ್ ಇದ್ದರೆ ಅವರೇ ಹೆಮ್ಮೆಯಿಂದ ಹೇಳುತ್ತಾರೆ.

ನೀವು ಗಣಿತದವರು, ನಿಮಗೆ ಹಿಡಿಸುವ ಒಂದು ಲೆಕ್ಕ ಕೊಡುತ್ತೇನೆ. ಉಬ್ಬರ ದಿನಕ್ಕೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಅದರ ಜೋರು ಹೆಚ್ಚು. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆನೀರು ಹೊರಕ್ಕೆ ನುಗ್ಗುತ್ತದೆ, ಎದುರಿನಿಂದ ಬರುವ ಅಲೆ ಅದಕ್ಕೆ ಸಿಕ್ಕಿ ಎದ್ದು ಮುರಿಯುತ್ತದೆ. ಅಲ್ಲಿ ಹೊಸಬರಿಗೆ ಕೆಲಸವಿಲ್ಲ. ಗಾಳಿಗೂ ವೇಳಾಪಟ್ಟಿಯಿದೆ. ಜನವರಿಯ ಬೆಳಗ್ಗೆ ಅದು ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹೋಗುವಾಗ ಎಷ್ಟು ಹಗುರ, ನಾನೆಷ್ಟು ಬೇಗ ಕಲಿತೆ ಅನ್ನಿಸುತ್ತದೆ. ತಿರುಗಿದಾಗ ಗೊತ್ತಾಗುತ್ತದೆ ಕಲಿತದ್ದು ಗಾಳಿ ಎಂದು. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ತಿರುಗಿ ನೀರು ಕದಡುತ್ತದೆ. ಗಾಳಿ 10 ನಾಟ್ ದಾಟಿದರೆ, ಅಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರ್ ಮೀರಿದರೆ, ಹೊಸಬರು ದಂಡೆಯಲ್ಲಿರುವುದು ವಾಸಿ. ಆದ್ದರಿಂದ ಬೆಳಗ್ಗೆ ಏಳಕ್ಕೆ ಹೊರಡಿಸುವ ಗೈಡ್‌ನ ಮೇಲೆ ಗೊಣಗಬೇಡಿ. ತಿಂಡಿ ತಿಂದು ಹತ್ತಕ್ಕೆ ಹೋಗೋಣ ಎನ್ನುವವನ ಮೇಲೆ ಗೊಣಗಿ. ಅಂದಹಾಗೆ ಅಂಜದೀವ್ ನಡುಗಡ್ಡೆ ಕಡೆ ಹೋಗಬಹುದಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ನೌಕಾನೆಲೆಯ ಜಾಗ, ಆಸೆ ಬಿಡಿ. ಕಾಳಿಯೇ ಸಾಕು. ಟ್ಯಾಗೋರರು ಇಪ್ಪತ್ತರ ಹರೆಯದಲ್ಲಿ, ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಾಗ, ಬೆಳದಿಂಗಳಲ್ಲಿ ಈ ಹೊಳೆಯಲ್ಲೇ ದೋಣಿ ಹತ್ತಿದ್ದನ್ನು ನೆನಪಿಟ್ಟು ಬರೆದಿದ್ದಾರೆ.

ಭುಜದ ವಿಷಯ ನಿಮ್ಮ ಡಾಕ್ಟರ್ ಹೇಳಬೇಕು, ನಾನಲ್ಲ. ಶುಗರ್ ಇದ್ದವರಿಗೆ ಭುಜ ಹಿಡಿದುಕೊಳ್ಳುವುದು ಹೆಚ್ಚು, ಮತ್ತೆ ಬರುವುದೂ ಉಂಟು. ಕೈ ತಲೆಯ ಮೇಲೆತ್ತಲು ಈಗಲೂ ನೋವಿದ್ದರೆ ಮುಚ್ಚಿಡಬೇಡಿ. ಆದರೆ ಹುಟ್ಟು ಹಾಕುವುದು ಭುಜದ ಕೆಲಸ ಅಂದುಕೊಂಡಿದ್ದರೆ ಅದು ತಪ್ಪು. ಕಂಬಕ್ಕೆ ಕಟ್ಟಿದ ಕಡೆಗೋಲಿನಲ್ಲಿ ಅಜ್ಜಿ ಮಜ್ಜಿಗೆ ಕಡೆಯುವುದನ್ನು ನೋಡಿರುತ್ತೀರಿ. ಒಂದು ಕೈ ಎಳೆದಾಗ ಇನ್ನೊಂದು ಮುಂದೆ ಹೋಗುತ್ತದೆ, ತಿರುಗುವುದು ಬೆನ್ನು ಮತ್ತು ಸೊಂಟ. ಇಲ್ಲಿಯೂ ಹಾಗೆಯೇ. ಅಲಗು ಪಾದದ ಹತ್ತಿರ ನೀರಿಗಿಳಿಯಬೇಕು, ಸೊಂಟದ ಹತ್ತಿರ ಹೊರಬರಬೇಕು, ಕೈ ಭುಜದ ಮಟ್ಟ ದಾಟಬಾರದು. ಹಿಡಿತ ಲಟ್ಟಣಿಗೆ ಹಿಡಿದಷ್ಟೇ ಸಡಿಲ. ಭಯವಾದಾಗ ಎಲ್ಲರೂ ಬಿಗಿಯಾಗಿ ಹಿಡಿಯುತ್ತೇವೆ, ಅಂಗೈಯಲ್ಲಿ ಬೊಬ್ಬೆ ಏಳುವುದು ಅದರಿಂದಲೇ.

ಗಂಡಸರ ಪುಸ್ತಕಗಳಲ್ಲಿ ಇರದ ಒಂದು ಮಾತು. ಬಾತ್‌ರೂಮಿಗೆ ಹೋಗಬೇಕಾದೀತೆಂದು ಬೆಳಗ್ಗೆ ನೀರೇ ಕುಡಿಯದೆ ಹೊರಡುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಶುಗರ್ ಇರುವ ನೀವು ಅದನ್ನು ಮಾಡಲೇಬೇಡಿ. ದಾರಿಯಲ್ಲಿ ಎಲ್ಲೆಲ್ಲಿ ದಡಕ್ಕೆ ಇಳಿಯುತ್ತೇವೆ ಎಂದು ಹೊರಡುವ ಮುನ್ನವೇ ಕೇಳಿ. ಜಾಕೆಟ್ಟಿನ ಜೇಬಿನಲ್ಲಿ, ನೀರು ಹೋಗದ ಪೊಟ್ಟಣದಲ್ಲಿ ಗ್ಲೂಕೋಸ್ ಇರಲಿ. ಮಾಂಗಲ್ಯದ ಸರ ಉದ್ದವಾಗಿದ್ದರೆ ಜಾಕೆಟ್ಟಿನ ಕೊಂಡಿಗೆ ಸಿಕ್ಕುತ್ತದೆ, ಆ ನಾಲ್ಕು ದಿನ ಬೀಗದಲ್ಲಿಡಿ. ಕನ್ನಡಕಕ್ಕೆ ದಾರ ಕಟ್ಟಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೇ ಹಾಕಿ, ಬಂಡೆಗಂಟಿದ ಕಲ್ವದ (ಸಿಂಪಿಯ) ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಯಜಮಾನರು ನಗುತ್ತಾರೆ ಎಂದಿರಿ. ನಗಲಿ ಬಿಡಿ.

ಹಾಗಾದರೆ ಹೋಗಿ ಎನ್ನುತ್ತೇನೆ. ಡಾಕ್ಟರ್ ಒಪ್ಪಿದರೆ, ಈಜುಕೊಳದಲ್ಲಿ ಗುಳ್ಳೆ ಬಿಟ್ಟು ಬಂದರೆ, ಕೈ ಎತ್ತುತ್ತೇನೆ ಎಂದು ನಿಮಗೆ ನೀವೇ ಮಾತು ಕೊಟ್ಟರೆ.

ಕೊನೆಯ ದಿನದ ದುಡ್ಡು ವಾಪಸ್ ಬರುವುದು ಅನುಮಾನ. ಬುಕಿಂಗ್‌ನ ಷರತ್ತು ಓದಿ, ಕೇಳಿ ನೋಡುವುದಕ್ಕೆ ನಾಚಿಕೆ ಬೇಡ. ಆ ದಿನ ನೀವು ದಂಡೆಯಲ್ಲೇ ಉಳಿದರೂ ನನಗೇನೂ ಬೇಸರವಿಲ್ಲ. ಆ ಮರಳಿನಲ್ಲಿ ಈಗಲೂ ಕೆಲವು ಬೆಳಗ್ಗೆ ರಂಪಣಿ ಬಲೆ ಎಳೆಯುತ್ತಾರೆ. ಎರಡು ಸಾಲು ಜನ, ಎರಡು ಹಗ್ಗ, ಒಂದು ತಾಸಿಗಿಂತ ಹೆಚ್ಚು ಎಳೆದರೂ ಬಲೆ ಇನ್ನೂ ಕಾಣುವುದಿಲ್ಲ. ಕೇಳಿದರೆ ನಿಮಗೂ ಹಗ್ಗದ ಬಾಲದಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡುತ್ತಾರೆ. ಎಳೆದವರಿಗೆ ಮೀನಿನಲ್ಲಿ ಪಾಲೂ ಇರುತ್ತದೆ. ನೀವು ಮೀನು ತಿನ್ನುವವರೋ ಅಲ್ಲವೋ ಬರೆದಿಲ್ಲ.